ಹೆಸರು ಬದಲಾದ ಫೋಲ್ಡರ್

ಗಂಡನ ಶವಸಂಸ್ಕಾರದ ಮರುದಿನ ಬೆಳಿಗ್ಗೆ, ನೆಂಟರೆಲ್ಲ ಹೊರಟ ಮೇಲೆ, ಅವನು ಕಚೇರಿಯಿಂದ ಎರವಲು ತಂದಿದ್ದ ಲ್ಯಾಪ್‌ಟಾಪನ್ನು ಅವಳು ತೆರೆದಳು. ಅವನು ಬರೆಯುತ್ತಿದ್ದ ಕೈಪಿಡಿಯ ಕೊನೆಯ ಅಧ್ಯಾಯ, ಬರೆಯಲು ಬಳಸುವ ತಂತ್ರಾಂಶವಾದ ಎಡಿಟರಿನಲ್ಲಿ ಹಾಗೇ ಇತ್ತು, ಇನ್ನೂ ಉಳಿಸಿರಲಿಲ್ಲ. 'ಈ ಫೈಲಿನ ಫೋಲ್ಡರ್ ಈಗಿಲ್ಲ' ಎಂದಿತು ಪರದೆ.

ಕಚೇರಿಯವರೆಲ್ಲ ಬಳಸುವ ಡ್ರೈವಿನಲ್ಲಿ ಹುಡುಕಿದರೆ, ಫೋಲ್ಡರ್ ಎಲ್ಲೂ ಹೋಗಿರಲಿಲ್ಲ. ಸತ್ತವನ ಹೆಸರು ತೆಗೆದು ಮೇಲಧಿಕಾರಿ ತಮ್ಮ ಹೆಸರಿಟ್ಟಿದ್ದರು, ಅಷ್ಟೇ. ನಿನ್ನೆ ಎಲ್ಲರಿಗಿಂತ ಜೋರಾಗಿ ಬಿಕ್ಕಿದವರೂ ಅವರೇ. ಕರವಸ್ತ್ರ ಒಣಗುವಷ್ಟರಲ್ಲಿ ಕೈ ಚುರುಕಾಗಿತ್ತು. ಪಾಪ, ಎಡಿಟರಿಗೆ ಇದೆಲ್ಲ ತಿಳಿಯದು. ಅದು ಹಳೇ ವಿಳಾಸವನ್ನೇ ನಂಬಿಕೊಂಡು ಕೂತಿತ್ತು. ಅವಳು 'ಉಳಿಸು' ಒತ್ತಿದಳು. ಗಂಡನ ಹೆಸರಿನ ಫೋಲ್ಡರ್ ಡ್ರೈವಿನಲ್ಲಿ ಮತ್ತೆ ಎದ್ದು ನಿಂತಿತು, ಒಳಗೆ ಕೊನೆಯ ಅಧ್ಯಾಯ.

ಹತ್ತೇ ನಿಮಿಷಕ್ಕೆ ಮೇಲಧಿಕಾರಿಯ ಫೋನ್.

"ಏನಮ್ಮಾ ಇದು? ಅವನ ಫೋಲ್ಡರ್ ಮತ್ತೆ ಬಂದು ಕೂತಿದೆ! ಎಲ್ಲರೂ ನೋಡ್ತಿದ್ದಾರೆ."

"ನೀವು ಹೆಸರು ಬದಲಾಯಿಸಿದ್ದನ್ನ ಎಡಿಟರಿಗೆ ಯಾರೂ ಹೇಳಿರಲಿಲ್ಲ ಸರ್."

"ಅಳಿಸಿಬಿಡ್ತೀನಿ."

"ಅಳಿಸಿ ಸರ್. ಕೊನೆ ಅಧ್ಯಾಯ ಅದರಲ್ಲಿ ಮಾತ್ರ ಇದೆ. ನೀವೇ ಬರೀತೀರಲ್ವಾ?"

ಅವರು ಫೋನ್ ಇಟ್ಟರು; ಫೋಲ್ಡರ್ ಅಳಿಸಲಿಲ್ಲ.

ಮಧ್ಯಾಹ್ನ ಅವಳು ಕಚೇರಿಗೆ ಹೋಗಿ, ಎಲ್ಲರೆದುರು ಲ್ಯಾಪ್‌ಟಾಪನ್ನು ಮೇಲಧಿಕಾರಿಯ ಮೇಜಿನ ಮೇಲಿಟ್ಟಳು. ಹಿಂದಿರುಗಿಸಿದ್ದಕ್ಕೆ ರಸೀತಿ ಕೇಳಿ, ಅದರಲ್ಲಿ ಗಂಡನ ಪೂರ್ತಿ ಹೆಸರನ್ನು ಅವರ ಕೈಯಿಂದಲೇ ಬರೆಸಿಕೊಂಡು ಬಂದಳು.