ಘಾಟಿಯಲ್ಲಿ ತೊಂಬತ್ತೇಳು ಡಿಗ್ರಿ

ಶನಿವಾರ ಮಧ್ಯಾಹ್ನ ಅಜ್ಜಂಪುರದಲ್ಲಿ ಒಂದು ಗಂಭೀರ ದುರ್ಘಟನೆ ನಡೆಯಿತು. ಯಾವ ಪತ್ರಿಕೆಯೂ ಅದನ್ನು ವರದಿ ಮಾಡದಿದ್ದುದು ನಮ್ಮ ಪತ್ರಿಕೋದ್ಯಮ ಯಾವ ಸ್ಥಿತಿಗೆ ಬಂದಿದೆ ಎಂಬುದನ್ನಷ್ಟೇ ತೋರಿಸುತ್ತದೆ. ತೀರ್ಥಪ್ಪನವರು ಓಡಿಸುತ್ತಿದ್ದ ಬಸ್ಸು, ತುಂಬಿದ ಪ್ರಯಾಣಿಕರ ಸಮೇತ, ಘಾಟಿಯ ನಟ್ಟನಡುವೆ ನಿಂತುಹೋಯಿತು. ನಿಂತಿತು ಎಂದರೆ ಸಾಲದು. ಬಸ್ಸು, ಘಾಟಿ, ಪ್ರಯಾಣಿಕರು, ಆಕಾಶ ಎಲ್ಲವೂ ಒಟ್ಟಿಗೆ ಮಾಯವಾಗಿ ಕಂಪ್ಯೂಟರಿನ ಪರದೆ ಕಪ್ಪಾಯಿತು.

ತೀರ್ಥಪ್ಪನವರು ಕಡೂರು ಡಿಪೋದಲ್ಲಿ ಡ್ರೈವರ್ ಆಗಿದ್ದು ನಿವೃತ್ತರಾದವರು. ಸರ್ಕಾರ ಕೈಯಿಂದ ಬಿಡಿಸಿಕೊಂಡ ಸ್ಟೇರಿಂಗನ್ನು ಮನೆಯ ಹಾಲಿನಲ್ಲಿ ಮರುಸ್ಥಾಪಿಸಿಕೊಂಡಿದ್ದರು: ಗೇಮ್ ಆಡುವುದಕ್ಕೆಂದೇ ಜೋಡಿಸಿದ ಕಂಪ್ಯೂಟರ್, ಟೇಬಲ್ಲಿಗೆ ಬಿಗಿದ ಚಕ್ರ, ಕಾಲಡಿಯಲ್ಲಿ ಪೆಡಲು. ಬಸ್ಸಿನ ಆ ಆಟಕ್ಕೆ ಯಾರೋ ಪುಣ್ಯಾತ್ಮರು ನಮ್ಮ ಕಡೆಯ ಘಾಟಿ ರಸ್ತೆಯನ್ನೂ ಸೇರಿಸಿದ್ದರು. ಅದನ್ನಾಡುವ ಹುಡುಗರ ಬಳಗವೊಂದು ಭಾನುವಾರ ಸಂಜೆ ಅವರವರ ಮನೆಯಿಂದಲೇ ಸಾಲಾಗಿ ಬಸ್ಸು ಓಡಿಸಲು ನಿಶ್ಚಯಿಸಿ, ನಿಜವಾದ ಡ್ರೈವರ್ ಎಂಬ ಗೌರವದಿಂದ ಮುಂದಿನ ಬಸ್ಸನ್ನು ಇವರಿಗೆ ಒಪ್ಪಿಸಿತ್ತು. ಮುಂದಿನ ಬಸ್ಸು ನಿಂತರೆ ಹಿಂದಿನವೆಲ್ಲ ನಿಲ್ಲಬೇಕು. ಸೇವೆಯಲ್ಲಿದ್ದಾಗ ಒಮ್ಮೆಯೂ ಘಾಟಿಯಲ್ಲಿ ಗಾಡಿ ನಿಲ್ಲಿಸಿಕೊಂಡವರಲ್ಲ ತೀರ್ಥಪ್ಪ. ಈಗ ಆ ಹುಡುಗರ ಮುಂದೆ ಮಾನ ಹೋಗುವ ಹೊತ್ತು ಬಂದಿತ್ತು.

"ಮತ್ತೆ ಕೆಟ್ಟೋಯ್ತಾ?" ಅಡುಗೆಮನೆಯಿಂದ ಹೆಂಡತಿ ಪ್ರೇಮಮ್ಮ ಕೇಳಿದರು. "ಕೂತಲ್ಲೇ ಘಾಟಿ ಹತ್ತೋ ಬದ್ಲು ತಾರಸಿ ಹತ್ತಿ ಹಪ್ಪಳ ಮಗುಚಾಕ್ಬನ್ನಿ. ಅಲ್ಲೂ ಪ್ಯಾಸೆಂಜರ್ ಕಾಯ್ತಾವ್ರೆ."

ತೀರ್ಥಪ್ಪನವರು ಕಡೂರಿನ ಕಂಪ್ಯೂಟರ್ ಅಂಗಡಿಯ ಚಂದ್ರಕುಮಾರನಿಗೆ ಫೋನ್ ಮಾಡಿದರು.

"ಪರದೆ ಮೂಲೇಲಿ ಡಿಗ್ರಿ ಎಷ್ಟು ತೋರಿಸ್ತಿತ್ತಣ್ಣ?"

"ತೊಂಬತ್ತೇಳು. ಆಮೇಲೆ ನೋಡಾನ ಅಂದ್ರೆ ಪರದೇನೇ ಹೋಯ್ತು."

"ಅಯ್ಯೋ! ಆಟ ಆಡುವಾಗ ಪ್ರೊಸೆಸರ್ ಅರವತ್ತೈದು, ಎಪ್ಪತ್ತು ಇದ್ರೆ ಚಿನ್ನ. ಎಂಬತ್ತೈದರ ತನಕ ಹೆದರ್ಕಬೇಡಿ. ತೊಂಬತ್ತೈದು ಅಂದ್ರೆ ಏದುಸಿರು ಬಿಟ್ಕಂಡು ಅದೇ ನಿಧಾನ ಆಗುತ್ತೆ. ಇನ್ನೂ ಮೇಲಕ್ಕೋದ್ರೆ ಜೀವ ಉಳಿಸ್ಕಳಕ್ಕೆ ಆಫ್ ಆಗುತ್ತೆ. ಮೊನ್ನೆ ತಗಂಡೋದ್ರಲ್ಲ ಹೊಸ ಕೂಲರ್, ಅದನ್ನ ಯಾರು ಕೂರಿಸಿದ್ದು?"

"ನಾನೇ. ರೇಡಿಯೇಟರ್ ಬಿಚ್ಚಿ ಕಟ್ಟಿದ ಕೈ ಕಣಯ್ಯ ಇದು."

"ನಾಳೆ ಬೆಳಿಗ್ಗೆ ತಗಂಬನ್ನಿ" ಎಂದ ಚಂದ್ರಕುಮಾರ.

ಅಲ್ಲಿಯವರೆಗೂ ಸುಮ್ಮನಿರುವುದು ಡ್ರೈವರಿನ ಜಾಯಮಾನವಲ್ಲ. ಬಾನೆಟ್ ಎತ್ತುವಂತೆ ಕಂಪ್ಯೂಟರಿನ ಪೆಟ್ಟಿಗೆಯ ಪಕ್ಕದ ಹಲಗೆ ತೆಗೆದರು. ಟೇಬಲ್ ಫ್ಯಾನು ತಿರುಗಿಸಿಟ್ಟರು. ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟಿದರು. ಮತ್ತೆ ಆನ್ ಮಾಡಿ ಆಡಿದಾಗ ತೊಂಬತ್ತೇಳು ತೊಂಬತ್ತೈದಾಯಿತು, ಬಸ್ಸು ಮಾತ್ರ ಮುದಿ ಎಮ್ಮೆಯ ಹಾಗೆ ತೆವಳಿತು.

"ನಾಳೆ ಅದಕ್ಕೆ ಎಳನೀರೂ ಕುಡಿಸ್ತೀರ" ಎಂದರು ಪ್ರೇಮಮ್ಮ.

ಬೆಳಿಗ್ಗೆ ಇಬ್ಬರೂ ಕಡೂರಿಗೆ ಹೊರಟರು. ಪ್ರೇಮಮ್ಮನಿಗೆ ಕುಕ್ಕರಿನ ಗ್ಯಾಸ್ಕೆಟ್ ಬೇಕಿತ್ತು. ಹಳೇ ದುಪ್ಪಟಿಯಲ್ಲಿ ಸುತ್ತಿದ ಕಂಪ್ಯೂಟರನ್ನು ತೀರ್ಥಪ್ಪನವರು ತೊಡೆಯ ಮೇಲೆ ಕೂರಿಸಿಕೊಂಡಿದ್ದನ್ನು ನೋಡಿ ಕಂಡಕ್ಟರ್, "ಏನ್ ಸಾಹೇಬ್ರೆ, ಮೊಮ್ಮಗೀಗೆ ಅರ್ಧ ಟಿಕೆಟ್ ಕೊಡ್ಲಾ?" ಎಂದ. "ಜ್ವರ ಬಂದೈತೆ, ಮುಟ್ಬೇಡ" ಎಂದರು ಪ್ರೇಮಮ್ಮ.

ಚಂದ್ರಕುಮಾರ ಸ್ಕ್ರೂ ಬಿಚ್ಚಿ ಕೂಲರನ್ನು ಮೇಲೆತ್ತಿದ. ಪ್ರೊಸೆಸರಿನ ಬಿಸಿಯನ್ನು ಹೀರಬೇಕಾದ ಅದರ ತಾಮ್ರದ ತಳಕ್ಕೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಅಂಗಡಿಯಿಂದ ಬಂದ ಹಾಗೆಯೇ ಅಂಟಿಕೊಂಡಿತ್ತು. ಬಿಸಿ ದಾಟಿಸುವ ಪೇಸ್ಟನ್ನು ಆ ಹಾಳೆಯ ಮೇಲೆಯೇ ಬಹಳ ಅಚ್ಚುಕಟ್ಟಾಗಿ ಬಳಿಯಲಾಗಿತ್ತು. ಕೂರಿಸುವ ಮುನ್ನ ಇದನ್ನು ತೆಗೆಯಿರಿ ಎಂಬ ಇಂಗ್ಲಿಷಿನ ಕೆಂಪು ಅಕ್ಷರಗಳು ಪೇಸ್ಟಿನಡಿಯಿಂದ ಇಣುಕುತ್ತಿದ್ದವು.

"ಅಣ್ಣ, ಇದನ್ನ ಕೀಳ್ಬೇಕಿತ್ತು."

"ಹೊಸಾದು ಕಣಯ್ಯ! ಹೊಸಾದ್ರ ಕವರ್ ಯಾರಾದ್ರೂ ಕೀಳ್ತಾರಾ?"

"ಬರೆದಿದಾರಲ್ಲಣ್ಣ ಇಲ್ಲಿ."

"ಕಂಪನಿಯೋರು ಬರೀತಾರೆ. ಬೇಗ ಹಾಳಾದ್ರೆ ಇನ್ನೊಂದು ಮಾರ್ಬೋದಲ್ಲ ಅವ್ರಿಗೆ."

ಪ್ರೇಮಮ್ಮನ ಮುಖಕ್ಕೆ, ಹಳೇ ವ್ಯಾಜ್ಯವೊಂದು ತಮ್ಮ ಪರವಾಗಿ ತೀರ್ಮಾನವಾದವರ ಕಳೆ ಬಂತು. ಅವರ ಮನೆಯ ಸೋಫಾ ಬಂದ ದಿನದ ಪ್ಲಾಸ್ಟಿಕ್ಕಿನಲ್ಲೇ ಇತ್ತು. ಬೇಸಿಗೆಯಲ್ಲಿ ಕೂತ ನೆಂಟರು ಏಳುವಾಗ ಆಗುವ ಸದ್ದಿಗೆ ತಾವೇ ನಾಚಿಕೊಳ್ಳುತ್ತಿದ್ದರು. ಫ್ರಿಜ್ಜಿನ ಬಾಗಿಲು, ಗೋಡೆ ಗಡಿಯಾರ, ಟೀವಿ ರಿಮೋಟು, ಯಾವುದಕ್ಕೂ ಇನ್ನೂ ಗಾಳಿ ಸೋಕಿರಲಿಲ್ಲ.

"ಸೋಫಾಗೂ ಹಿಂಗೇ ಸೆಕೆ ಆಗುತ್ತೇನಪ್ಪ?" ಎಂದು ಪ್ರೇಮಮ್ಮ ಚಂದ್ರಕುಮಾರನನ್ನು ಕೇಳಿದರು.

"ಸೋಫಾಗಲ್ಲಮ್ಮ. ಕೂರೋರಿಗೆ."

"ಕೇಳಿಸ್ತಾ?" ಎಂದು ಗಂಡನ ಕಡೆ ತಿರುಗಿದರು.

ಹಾಳೆಯನ್ನು ತೀರ್ಥಪ್ಪನವರೇ ಕಿತ್ತರು, ಮಗುವಿನ ಗಾಯದ ಪಟ್ಟಿ ಬಿಚ್ಚುವವರಂತೆ ಮುಖ ಕಿವುಚಿಕೊಂಡು. ತಾಮ್ರ ಫಳಫಳ ಹೊಳೆಯಿತು. "ಗೀರು ಬಿದ್ರೆ?" ಎಂದು ಸಂಕಟದಿಂದ ಕೇಳಿದರು. "ಒಳಗೋಗಿ ಯಾರು ನೋಡ್ತಾರಣ್ಣ" ಎನ್ನುತ್ತ ಚಂದ್ರಕುಮಾರ ಹಳೇ ಪೇಸ್ಟ್ ಒರೆಸಿ, ಬಟಾಣಿ ಕಾಳಿನಷ್ಟು ಹೊಸದಿಟ್ಟು, ಕೂಲರ್ ಬಿಗಿದು ಆಟ ಓಡಿಸಿದ. ಅರವತ್ನಾಲ್ಕು. ತೀರ್ಥಪ್ಪನವರು ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡರು.

ಸಂಜೆ ಬಸ್ಸುಗಳು ಹೊರಟವು. ಮೊದಲ ತಿರುವಿನಲ್ಲೇ ಬೆನ್ನ ಹಿಂದೆ 'ಪರ್ರ್' ಎಂದು ಏನೋ ಹರಿದ ಸದ್ದಾಯಿತು.

"ಅಂಕಲ್, ಪಂಕ್ಚರ್ರಾ?" ಹೆಡ್‌ಫೋನಿನಲ್ಲಿ ಹುಡುಗನೊಬ್ಬ ಕೇಳಿದ.

"ಪ್ರೇಮಾ, ಏನೇ ಅದು?"

"ಸೋಫಾ. ನೀವು ರಸ್ತೆ ನೋಡಿ."

ನಿಲ್ಲಿಸಿ ಎದ್ದು ಹೋದರೆ ಘಾಟಿಯಲ್ಲಿ ಬಸ್ಸು ನಿಲ್ಲಿಸಿದ ಹಾಗಾಗುತ್ತಿತ್ತು. ಹಿಂದೆ ಬಳಗವೆಲ್ಲ ಸಾಲುಗಟ್ಟಿತ್ತು. ತೀರ್ಥಪ್ಪನವರು ಹಲ್ಲು ಕಚ್ಚಿ ಗೇರು ಬದಲಿಸಿದರು. ಎರಡನೇ ತಿರುವಿಗೆ ಫ್ರಿಜ್ಜು.

"ಬಿಡೇ! ಗ್ಯಾರಂಟಿ ಹೋಗುತ್ತೆ ಕಣೇ!"

"ಅದು ಮುಗ್ದು ಯಾವ ಕಾಲ ಆಯ್ತು! ಎದುರ್ಗಡೆ ಲಾರಿ ಬತ್ತೈತೆ, ನೋಡ್ಕಳಿ."

ಹೆಡ್‌ಫೋನಿನಲ್ಲಿ ನಗುವೋ ನಗು. ಮೂರನೇ ತಿರುವಿಗೆ ಗಡಿಯಾರ.

ಬಸ್ಸು ಎಲ್ಲೂ ನಿಲ್ಲದೆ ಘಾಟಿ ಹತ್ತಿತು. ಪ್ರೊಸೆಸರ್ ಎಪ್ಪತ್ತೊಂದು ಡಿಗ್ರಿ ದಾಟಲಿಲ್ಲ. ಮನೆಯಲ್ಲಿ ಕೀಳದೆ ಉಳಿದದ್ದು ರಿಮೋಟಿನ ಕವರ್ ಒಂದೇ.