ಮೆಟ್ಟುಗತ್ತಿಯ ಸಾಕ್ಷಿ

ಉಮಾಶ್ರೀ ಅರ್ಧ ಗಂಟೆಯಿಂದ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಗೋಡೆಯ ಮೇಲಿನ ಹೆಂಗಸರ ಪಾದ ನೋಡುತ್ತಿದ್ದಳು. ನಾಶಿಕದ ಆ ಉಡುಪಿ ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ದೋಸೆ ತಿನ್ನುತ್ತಿದ್ದ ಜನ ಅವಳನ್ನು ನೋಡುತ್ತಿದ್ದರು. ಮಾಲೀಕ ಹರಿದಾಸ ಎರಡು ಸಲ ಬಂದು, ಮೇಡಂ ಕುರ್ಚಿ ಇದೆ ಎಂದು ಹೇಳಿ ಹೋಗಿದ್ದ. ಕುರ್ಚಿಯಲ್ಲಿ ಕೂತರೆ ಪಾದ ಕಾಣುವುದಿಲ್ಲ ಎಂದು ಅವನಿಗೆ ಹೇಗೆ ತಿಳಿಸುವುದು?

ಮದುವೆ ಅಡುಗೆಗೆ ತರಕಾರಿ ಹೆಚ್ಚುವ ಐದು ಹೆಂಗಸರ ಚಿತ್ರ ಅದು. ಮೂಲೆಯಲ್ಲಿ ಪರಮೇಶ್ವರ ಮಾಸ್ತರರ ಸಹಿ, ಕೆಳಗೆ 1970. ಆ ಊರಿನ ದೊಡ್ಡ ಚಿತ್ರಕಾರರು. ಈ ವರ್ಷ ಅವರ ಜನ್ಮಶತಾಬ್ದಿ. ಕಲಾ ಇತಿಹಾಸ ಕಲಿಸುವ ಉಮಾಶ್ರೀ ಶತಾಬ್ದಿ ಗ್ರಂಥಕ್ಕೆ ಲೇಖನ ಬರೆಯಲೆಂದು ಬಂದಿದ್ದಳು. ಅವರ ಬೇರೆ ಚಿತ್ರಗಳಲ್ಲೂ ಹೆಂಗಸರು ಮೆಟ್ಟುಗತ್ತಿಯ, ಎಂದರೆ ಈಳಿಗೆ ಮಣೆಯ, ಮುಂದೆ ಇದ್ದಾರೆ. ಆದರೆ ಎರಡೂ ಕಾಲು ಮಡಚಿ, ಪಾದಗಳನ್ನು ಸೀರೆಯಂಚಿನಲ್ಲಿ ಮುಚ್ಚಿಕೊಂಡು ಅಂದವಾಗಿ ಕೂತಿರುತ್ತಾರೆ. ಹಾಗೆ ಕೂತು ಹೆಚ್ಚಿದರೆ ಮೊದಲ ಸೌತೆಕಾಯಿಗೇ ಮಣೆ ಮಗುಚುತ್ತದೆ. ಈ ಗೋಡೆಯ ಹೆಂಗಸರು ಮಾತ್ರ ಒಂದು ಮೊಣಕಾಲೆತ್ತಿ ಮಣೆಯನ್ನು ಪಾದದಡಿ ಒತ್ತಿ ಹಿಡಿದಿದ್ದರು. ಕುಂಬಳಕಾಯಿ ಹೆಚ್ಚುವವಳ ಕಾಲ್ಬೆರಳುಗಳು ಅಗಲವಾಗಿ ಬಿಚ್ಚಿಕೊಂಡಿದ್ದವು. ಬರೆದ ಕೈ ಯಾರದೇ ಇರಲಿ, ಅವರು ದಿನಾ ಆ ಮಣೆಯ ಮೇಲೆ ಕೂತವರು.

ಹಿಂಬಾಗಿಲಿನಿಂದ ಹರಿದಾಸನ ತಾಯಿ ಕುಸುಮಾವತಿ ಬಂದರು. ಎಂಬತ್ತಾದರೂ ಬೆನ್ನು ಬಾಗಿರಲಿಲ್ಲ. ಉಮಾಶ್ರೀ ಕಲಬುರಗಿ ಕಡೆಯವಳು, ಸುತ್ತಿ ಬಳಸಿ ಮಾತಾಡಿ ಗೊತ್ತಿಲ್ಲ.

"ಅಮ್ಮಾ, ಈ ಕಾಲು ಗಂಡಸರು ಬರ್ದಿದ್ದಲ್ರೀ. ನೀವ್ ಬರ್ದೀರೇನು?"

ಕುಸುಮಾವತಿ ಮಗ ಕೌಂಟರಿನಲ್ಲಿದ್ದಾನೆಯೇ ಎಂದು ಒಮ್ಮೆ ನೋಡಿಕೊಂಡರು. ಆಮೇಲೆ ಹೇಳಿದರು. ಮಾಸ್ತರರು ಅಂಚಿಗೆ ದ್ರಾಕ್ಷಿ ಬಳ್ಳಿ ಬರೆದು ಎರಡು ತಿಂಗಳು ಪತ್ತೆಯಿಲ್ಲದಂತೆ ಹೋದರು. ಹೋಟೆಲು ತೆರೆಯುವ ಮುಹೂರ್ತ ಹತ್ತಿರ ಬಂತು. ಹರಿದಾಸ ಆಗ ತೊಟ್ಟಿಲಲ್ಲಿದ್ದ. ಮಧ್ಯಾಹ್ನ ಅವನು ಮಲಗಿದ ಮೇಲೆ, ಮಾಸ್ತರರು ಬಿಟ್ಟು ಹೋದ ಬಣ್ಣವನ್ನೇ ಕಲಸಿಕೊಂಡು ಕುಸುಮಾವತಿಯೇ ಬರೆದು ಮುಗಿಸಿದರು. ವಾಪಸು ಬಂದ ಮಾಸ್ತರರು ಚೆನ್ನಾಗಿದೆ ಎಂದರು, ಸಹಿ ಹಾಕಿದರು. ಅವರ ಹೆಸರಿದ್ದರೆ ಹೋಟೆಲಿಗೂ ಹೆಸರು ಎಂದು ಗಂಡ ಸುಮ್ಮನಿದ್ದ.

"ಈಗ ಅದೆಲ್ಲ ಹೇಳಿ ಎಂತ ಮಾಡ್ಲಿಕ್ಕುಂಟು?" ಎಂದವರು ಸ್ವಲ್ಪ ತಡೆದು, "ಬರೆಯುವುದಾದ್ರೆ ಇದನ್ನೂ ಬರೀರಿ. ಮೂರನೆಯವಳ ಮಣಿಕಟ್ಟು ಸರಿ ಬರ್ಲಿಲ್ಲ. ಅದು ನನ್ನದೇ ತಪ್ಪು" ಎಂದರು.

ಐವತ್ತು ವರ್ಷ ಹೆಸರು ಕೇಳದವರು ತಪ್ಪನ್ನು ಮಾತ್ರ ತನ್ನದೆಂದು ಕೇಳಿ ಪಡೆಯುತ್ತಿದ್ದರು. ಉಮಾಶ್ರೀಗೆ ಕಣ್ಣು ತುಂಬಿ ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

ಛತ್ರಪತಿ ಸಂಭಾಜಿನಗರಕ್ಕೆ ಮರಳಿ ಅವಳು ಅಷ್ಟನ್ನೂ ಬರೆದು ಶತಾಬ್ದಿ ಗ್ರಂಥಕ್ಕೆ ಕೊಟ್ಟಳು. ವಿಭಾಗದ ಮುಖ್ಯಸ್ಥರು ಕರೆಸಿ ಚಹಾ ತರಿಸಿದರು. ಚಹಾ ತರಿಸಿದರೆ ಏನೋ ಇದೆ ಎಂದೇ ಅರ್ಥ. ತರಕಾರಿ ಹೆಚ್ಚುವ ಮಣೆ ಇತಿಹಾಸಕ್ಕೆ ಸಾಕ್ಷಿಯಾಗುತ್ತದೆಯೇ ಎಂದು ನಕ್ಕು, ಮನೆಯವರ ಸಹಕಾರವಿತ್ತು ಎಂದು ಒಂದು ಸಾಲು ಸೇರಿಸಿ ಮುಗಿಸಿಬಿಡಿ ಎಂದರು. ಮುಂದಿನ ತಿಂಗಳು ಪ್ರೊಫೆಸರ್ ಹುದ್ದೆಯ ಸಂದರ್ಶನವಿದೆ ಎಂಬುದನ್ನೂ ನೆನಪಿಸಿದರು. ಅವಳಿಗೆ ಅದು ಮೂರನೆಯ ಸಲ. ಹಿಂದಿನ ಎರಡು ಸಲವೂ, ಹೆಣ್ಣುಮಕ್ಕಳ ವಿಷಯ ಬಿಟ್ಟು ಬೇರೇನು ಸಂಶೋಧನೆ ಮಾಡಿದ್ದೀರಿ ಎಂದು ಕೇಳಿ ಕಳಿಸಿದ್ದರು. ನೀವು ಯಾವತ್ತಾದರೂ ಆ ಮಣೆಯ ಮೇಲೆ ಕೂತಿದ್ದೀರಾ ಸರ್ ಎಂದು ಅವಳು ಕೇಳಿದಳು. ಅವರು ಮತ್ತೆ ನಕ್ಕರು, ಅವಳು ನಗಲಿಲ್ಲ. ಲೇಖನ ಗ್ರಂಥದಿಂದ ಹೊರಗೆ ಬಿತ್ತು. ಆದರೆ ಸಮಾರಂಭದ ಆಮಂತ್ರಣ ಅಷ್ಟರಲ್ಲಿ ಅಚ್ಚಾಗಿತ್ತು, ಉಪನ್ಯಾಸಕ್ಕೆ ಅವಳ ಹೆಸರೂ ಇತ್ತು. ಆ ಹೆಸರನ್ನು ಅಳಿಸಲು ಯಾರಿಗೂ ಆಗಲಿಲ್ಲ.

ಸಮಾರಂಭಕ್ಕೆ ಕುಸುಮಾವತಿ ಮೊಮ್ಮಗಳು ಅಪೇಕ್ಷಾಳ ಜೊತೆ ಬಂದು ಹಿಂದಿನ ಸಾಲಿನಲ್ಲಿ ಕೂತರು. ಸಹಿ ಸುಳ್ಳೆಂದರೆ ಗೋಡೆಯ ಫೋಟೊ ತೆಗೆಯಲು ಹೋಟೆಲಿಗೆ ಯಾರು ಬರುತ್ತಾರೆ ಎಂದು ಹರಿದಾಸ ಹೋಗುವುದು ಬೇಡವೆಂದಿದ್ದನಂತೆ. ಬಸ್ಸಿನಲ್ಲಿ ಕೂತ ಮೇಲೆಯೇ ಅವನಿಗೆ ಫೋನು ಮಾಡಿದೆವು ಎಂದು ಅಪೇಕ್ಷಾ ಮರಾಠಿಯಲ್ಲಿ ಹೇಳಿ ನಕ್ಕಳು.

ಉಮಾಶ್ರೀ ಮೊದಲು ಮಾಸ್ತರರ ಬೇರೆ ಚಿತ್ರಗಳ ಹೆಂಗಸರನ್ನು ಪರದೆಯ ಮೇಲೆ ತೋರಿಸಿದಳು, ಆಮೇಲೆ ಹೋಟೆಲಿನ ಗೋಡೆಯನ್ನು. ಪಾದಗಳ ಬಗ್ಗೆ ಹೇಳಿದಳು. ಮಣಿಕಟ್ಟಿನ ತಪ್ಪನ್ನೂ ಬಿಡಲಿಲ್ಲ. ಈ ಚಿತ್ರ ಬರೆದವರು ಕುಸುಮಾವತಿ ಎಂದಳು. ಮುಂದಿನ ಸಾಲಿನಿಂದ ಯಾರೋ ಕೈಸನ್ನೆ ಮಾಡಿದರು, ಮೈಕು ಸತ್ತುಹೋಯಿತು. ಶತಾಬ್ದಿ ಸಮಿತಿಯವರು ಒಬ್ಬೊಬ್ಬರಾಗಿ ಎದ್ದು ಹೊರಟರು. ಮುಖ್ಯಸ್ಥರು ಅವರ ಹಿಂದೆ. ಪ್ರೊಫೆಸರ್ ಹುದ್ದೆ ಆ ಬಾಗಿಲಿನಿಂದಲೇ ಹೊರಗೆ ಹೋಗುತ್ತಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಾಯಿತು. ಹೋದರೆ ಹೋಗಲಿ. ಇಪ್ಪತ್ತೆರಡು ವರ್ಷ ಕ್ಲಾಸಿನಲ್ಲಿ ಪಾಠ ಮಾಡಿದ ಗಂಟಲು, ಅದಕ್ಕೆ ಯಾವ ಮೈಕು? ಅವಳು ಮುಂದುವರಿಸಿದಳು. ಆದರೂ ಸಭಾಂಗಣ ದೊಡ್ಡದು, ಹಿಂದಿನವರು ಕಿವಿಗೆ ಕೈ ಹಚ್ಚಿದರು.

ಹಿಂದಿನ ಸಾಲಿನಿಂದ ಕುರ್ಚಿ ಎಳೆಯುವ ಸದ್ದು ಬಂತು. ಕುಸುಮಾವತಿ ಪ್ಲಾಸ್ಟಿಕ್ ಕುರ್ಚಿಯೊಂದನ್ನು ನೆಲಕ್ಕೆ ಉಜ್ಜುತ್ತ ನಡುವಿನ ದಾರಿಯಲ್ಲಿ ಬರುತ್ತಿದ್ದರು. ಸಹಾಯಕ್ಕೆ ಬಂದ ಮೊಮ್ಮಗಳ ಕೈ ಸರಿಸಿದರು. ಖಾಲಿಯಾದ ಮುಂದಿನ ಸಾಲನ್ನೂ ದಾಟಿ, ಪರದೆಯ ಎದುರಿಗೇ ಕುರ್ಚಿ ಹಾಕಿಕೊಂಡು ಕೂತರು.

"ಈಗ ಹೇಳಿ. ಅಲ್ಲಿ ಕೇಳ್ತಿರ್ಲಿಲ್ಲ."

ಉಮಾಶ್ರೀ ಆ ಹೆಸರನ್ನು ಇನ್ನೊಮ್ಮೆ ಹೇಳಿದಳು. ಹಿಂದೆ ಮತ್ತೆ ಕುರ್ಚಿಗಳು ಸದ್ದು ಮಾಡತೊಡಗಿದವು, ಮೊದಲು ಒಂದು, ಆಮೇಲೆ ಮೂರು ನಾಲ್ಕು. ಅವು ಹತ್ತಿರ ಬಂದು ನಿಲ್ಲುವವರೆಗೆ ಅವಳು ಕಾದು ನಿಂತಳು.