ರಸೂಲಬಿ ನಡೆಯುವುದನ್ನು ಬಿಡಲಿಲ್ಲ

1993ನೇ ಇಸವಿಯ ದಸರಾ ಮುಗಿದಿತ್ತು. ಕರ್ಜಗಿಯಲ್ಲಿ ಒಂದು ಬೆಳಿಗ್ಗೆ ಹಾವೇರಿಯ ಬಸ್ಸು ರಸೂಲಬಿಯನ್ನು ಬಿಟ್ಟು ಹೋಯಿತು. ಬಸ್ಸೇನೂ ತುಂಬಿರಲಿಲ್ಲ. ಮೊದಲ ಮೆಟ್ಟಿಲಿಗೆ ಕಾಲೆತ್ತಿ ಇಡಲು ಆಗದೆ ಅವಳು ಬಾಗಿಲ ಸರಳು ಹಿಡಿದು ನಿಂತುಬಿಟ್ಟಿದ್ದಳು. ಹಿಂದಿನವರು ಗಡಿಬಿಡಿ ಮಾಡಿದರು.

"ಹತ್ತಾಕ ಆಗದಿದ್ರ ಸರೀರಿ ಅಮ್ಮಾ, ಮುಂದಿನ ಬಸ್ಸಿಗೆ ಬರ್ರಿ" ಎಂದು ಕಂಡಕ್ಟರ್ ಸೀಟಿ ಊದಿದ.

ರಸೂಲಬಿಗೆ ಆಗ ನಲವತ್ತನಾಲ್ಕು ವರ್ಷ. ಊರಿನ ಅರ್ಧ ಹೆಣ್ಣುಮಕ್ಕಳ ಕುಪ್ಪಸ ಹೊಲಿಯುವವಳು ಅವಳೇ. ಬೆಳಿಗ್ಗೆ ಚಹಾ ಕುಡಿದು ಮಷೀನಿಗೆ ಕುಳಿತರೆ ಏಳುವುದು ದೀಪ ಹಚ್ಚುವ ಹೊತ್ತಿಗೆ. ಮೈ ಭಾರವಾಗಿತ್ತು, ಮೊಣಕಾಲು ನೋಯುತ್ತಿದ್ದವು. ಎಷ್ಟು ನೀರು ಕುಡಿದರೂ ಬಾಯಿ ಒಣಗುತ್ತಿತ್ತು.

ಬಸ್ ನಿಲ್ದಾಣದ ಕಲ್ಲಿನ ಮೇಲೆ ಕುಳಿತ ಅವಳನ್ನು ಊರಿನ ಆರೋಗ್ಯ ಕಾರ್ಯಕರ್ತೆ ಸೋಮವ್ವ ನೋಡಿದಳು. ಎಲ್ಲ ಕೇಳಿಕೊಂಡಳು. ಮರುದಿನ ತಾನೇ ಕೈ ಹಿಡಿದು ಬಸ್ಸು ಹತ್ತಿಸಿ ಹಾವೇರಿಯ ಆಸ್ಪತ್ರೆಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿದಳು. ಸಕ್ಕರೆ ಕಾಯಿಲೆ. ರಕ್ತದಲ್ಲಿ ಸಕ್ಕರೆ ಮುನ್ನೂರರ ಮೇಲೆ ಇತ್ತು.

ಅದನ್ನು ಕೇಳಿ ರಸೂಲಬಿ ತನ್ನ ಕಾಲು ನೋಡಿಕೊಂಡಳು. ಅವಳ ತಾಯಿಗೂ ಇದೇ ಕಾಯಿಲೆ ಇತ್ತು. ಕಾಲ್ಬೆರಳಿನ ಸಣ್ಣ ಗಾಯ ಮಾಯಲಿಲ್ಲ. ಕೊನೆಗೆ ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆದರು. ಆ ತಾಯಿ ಕೊನೆಯ ನಾಲ್ಕು ವರ್ಷ ಮಗಳ ಮನೆಯ ಮಂಚದ ಮೇಲೆಯೇ ಕಳೆದಿದ್ದಳು.

"ನನಗೂ ಹಂಗ ಆಗತೈತೇನ್ರಿ ಬಾಯಾರ?"

"ಆಗಲೇಬೇಕಂತ ಏನಿಲ್ಲ ತಂಗಿ" ಎಂದಳು ಸೋಮವ್ವ. "ಡಾಕ್ಟರ್ ಹೇಳಿದ್ದು ಕೇಳೀದಿ ಹೌದಲ್ಲ? ಗುಳಿಗಿ ತಪ್ಪಸಬ್ಯಾಡ. ಸಕ್ರಿ, ಬೆಲ್ಲ ಬಿಡು. ದಿನಾ ಅರ್ಧ ತಾಸು ಬಿರಬಿರನ ನಡಿ."

"ದಿನಾ ಮಷೀನ ತುಳೀತೀನಲ್ರಿ, ಅದು ಸಾಲಂಗಿಲ್ಲೇನು?"

"ಅದರಾಗ ಪಾದ ಅಷ್ಟ ಅಲುಗತಾವ, ನೀ ಕುಂತಲ್ಲೇ ಕುಂತಿರ್ತಿ. ನಡದ್ರ ಇಡೀ ಮೈ ದುಡೀತೈತಿ. ರಕ್ತದಾಗಿನ ಸಕ್ರಿ ಖರ್ಚಾಗತೈತಿ. ಕಾಲಾಗ ಶಕ್ತಿ ಬರತೈತಿ."

"ಮಂದಿ ನಗತಾರ್ರಿ."

"ನಗತಾರ. ಅದಕ್ಕ ಬೇಕಂದ್ರ ಹಿತ್ತಲ ಕಡೆ ಹೊಲದ ದಾರ್‍ಯಾಗ ನಡಿ. ಯಾರೂ ನೋಡಂಗಿಲ್ಲ."

ರಸೂಲಬಿ ಹೇಳಿದಳು: "ಯಾಕ್ರಿ? ನಾ ಏನರ ಕದ್ದೇನೇನು? ಸ್ಟೇಶನ್ ರಸ್ತಿ ಮ್ಯಾಲ ನಡೀತೀನಿ."

ಮರುದಿನ ಬೆಳಕು ಹರಿಯುತ್ತಲೇ ತಲೆ ತುಂಬ ಸೆರಗು ಹೊದ್ದು ಹೊರಟಳು. ರೈಲ್ವೆ ಸ್ಟೇಶನ್ ದೂರದ ಮಾತಾಯಿತು. ಹಿಟ್ಟಿನ ಗಿರಣಿಯ ತನಕ ಹೋಗುವಷ್ಟರಲ್ಲಿ ಏದುಸಿರು ಬಂದು ಕುಳಿತಳು. ತಿರುಗಿ ಬರುವಾಗ ಕಟ್ಟೆಯ ಮೇಲಿದ್ದ ಪ್ರಭುಲಿಂಗಪ್ಪ ಪೇಪರಿನಿಂದ ತಲೆ ಎತ್ತಿದ. ಊರಿನಲ್ಲಿ ಅವನ ಮಾತಿಗೆ ಬೆಲೆ ಇತ್ತು.

"ಏನವಾ ರಸೂಲಬಿ, ರೈಲು ಹಿಡ್ಯಾಕ ಹೋಗಿದ್ಯೇನು?"

ಕಟ್ಟೆಯವರೆಲ್ಲ ನಕ್ಕರು.

"ಇಲ್ರಿ, ನನ್ನ ಕಾಲು ಉಳಿಸ್ಕೊಳ್ಳಾಕ ಹೋಗಿದ್ದೆ" ಎಂದು ಅವಳು ನಿಲ್ಲದೆ ಮುಂದೆ ನಡೆದಳು.

ಎರಡನೇ ವಾರ ಚಪ್ಪಲಿ ಕಚ್ಚಿ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದಿತು. ರಸೂಲಬಿ ಹೆದರಿ ಸೋಮವ್ವನ ಬಳಿಗೆ ಓಡಿದಳು. ಸೋಮವ್ವ ತೊಳೆದು ಪಟ್ಟಿ ಕಟ್ಟಿದಳು. "ಬರಿಗಾಲೂ ಬ್ಯಾಡ, ಬಿಗಿ ಚಪ್ಪಲೀನೂ ಬ್ಯಾಡ. ದಿನಾ ರಾತ್ರಿ ಮಲಗೂ ಮುಂದ ಪಾದ ತಿರುಗಿಸಿ ನೋಡ್ಕೋ. ಮಾಯೂ ತನಕ ನಡೀಬ್ಯಾಡ" ಎಂದಳು.

ಗಾಯ ಮಾಯ್ದ ಮೇಲೆ ರಸೂಲಬಿ ಹಾವೇರಿಯಿಂದ ಬಟ್ಟೆಯ ಬಿಳಿ ಬೂಟು ತಂದಳು. ಸೀರೆ, ತಲೆಯ ಮೇಲೆ ಸೆರಗು, ಕಾಲಲ್ಲಿ ಶಾಲೆ ಮಕ್ಕಳ ಬೂಟು. ಊರು ಅಂಥದ್ದನ್ನು ಕಂಡಿರಲಿಲ್ಲ. ಈ ಸಲ ಹೆಂಗಸರೂ ನಕ್ಕರು.

ಅವಳ ಗಂಡ ಚಮನಸಾಬ ಸಂತೆಗಳಲ್ಲಿ ಬಳೆ ಮಾರುವವನು. ಸುತ್ತಲಿನ ಹಳ್ಳಿಗಳಲ್ಲೂ ಈ ಮಾತು ಅವನ ಕಿವಿಗೆ ಬಿತ್ತು. ಸಂಜೆ ಬಳೆಯ ಗಂಟು ಇಳಿಸುತ್ತಲೇ ಹೇಳಿದ: "ನಾಳಿಂದ ಇದನ್ನ ಬಂದ್ ಮಾಡು. ನಾ ಮಂದ್ಯಾಗ ಮುಖ ತೋರಸಬೇಕೋ ಬ್ಯಾಡೋ?"

ರಸೂಲಬಿ ಕತ್ತರಿ ಕೆಳಗಿಟ್ಟಳು.

"ನಮ್ಮ ಅಮ್ಮನ್ನ ಮಂಚದಿಂದ ಎತ್ತಿ ಇಳಸ್ತಿದ್ದವ್ರು ಯಾರ್ರಿ? ನಾ ಮತ್ತ ನೀವು. ಆ ಮಂದಿ ಒಂದಿನರ ಬಂದಿದ್ರೇನು?"

ಚಮನಸಾಬ ಬಳೆಯ ಗಂಟು ಬಿಚ್ಚತೊಡಗಿದ.

"ನಾ ಹಾಸಿಗಿ ಹಿಡದ್ರೂ ಅವ್ರು ಬರಂಗಿಲ್ಲ. ನೀವು ಒಬ್ರ ಎತ್ತಬೇಕು. ನೀವು ಬ್ಯಾಡಂದ್ರೂ ನಾ ನಡೀತೀನಿ. ಬೇಕಾದ್ರ ಬಾಗಲಾ ಹಾಕ್ಕೊಳ್ರಿ."

ಮರುದಿನ ಬೆಳಿಗ್ಗೆ ಅವನು ಹೊಸ್ತಿಲ ಮೇಲೆ ಅಡ್ಡ ಕುಳಿತಿದ್ದ. ರಸೂಲಬಿ ಎದುರಿಗೇ ಕುಳಿತು ಬೂಟಿನ ದಾರ ಕಟ್ಟಿ ಎದ್ದು ನಿಂತಳು. ಅವನು ಅವಳ ಮುಖ ನೋಡಲಿಲ್ಲ. ಮೊಣಕಾಲು ಮಾತ್ರ ಪಕ್ಕಕ್ಕೆ ಸರಿಸಿದ. ಅವಳು ದಾಟಿ ಹೋದಳು.

ಮಳೆ ಬಂದ ದಿನ ಪಡಸಾಲೆಯಲ್ಲೇ ಸುತ್ತು ಹಾಕಿದಳು. ರಂಜಾನ್ ತಿಂಗಳು ಬಂದಾಗ ಡಾಕ್ಟರರನ್ನು ಕೇಳಿಯೇ ಗುಳಿಗೆಯ ಹೊತ್ತು ಬದಲಿಸಿಕೊಂಡಳು, ಸಂಜೆ ರೋಜಾ ಉಪವಾಸ ಬಿಟ್ಟ ಮೇಲೆ ನಡೆದಳು. ಗಿರಣಿ ದಾಟಿದಳು. ಒಂದು ದಿನ ಎಲ್ಲಿಯೂ ಕುಳಿತುಕೊಳ್ಳದೆ ಸ್ಟೇಶನ್ ಮುಟ್ಟಿ ತಿರುಗಿ ಬಂದಳು. ಅಂದು ಯಾರಿಗೂ ಹೇಳಲಿಲ್ಲ. ಮಷೀನಿನ ಮುಂದೆ ಕುಳಿತು ಒಬ್ಬಳೇ ಅತ್ತಳು.

ಆರು ತಿಂಗಳಿಗೆ ಮತ್ತೆ ರಕ್ತ ಪರೀಕ್ಷೆಯಾಯಿತು. ನೂರಾ ಅರವತ್ತು. "ಗುಳಿಗೆ ಬಿಡಬೇಡಿ, ನಡಿಗೆಯನ್ನೂ ಬಿಡಬೇಡಿ" ಎಂದರು ಡಾಕ್ಟರು. ಆ ಚೀಟಿಯನ್ನು ಅವಳು ಗಂಡನ ಕೈಗೆ ಕೊಟ್ಟಳು. ಅವನು ಬಹಳ ಹೊತ್ತು ಅದನ್ನೇ ಹಿಡಿದು ಕುಳಿತ.

ಅದೇ ವಾರ ಒಬ್ಬ ಹೆಂಗಸು ಅವಳ ಜೊತೆ ನಡೆಯಲು ಬಂದಳು. ಬಂದವಳು ಪ್ರಭುಲಿಂಗಪ್ಪನ ಹೆಂಡತಿ ಫಕ್ಕೀರವ್ವ. ಮೂರನೇ ದಿನಕ್ಕೆ ಪ್ರಭುಲಿಂಗಪ್ಪ ಸಿಟ್ಟಿನಿಂದ ಚಮನಸಾಬನ ಮನೆಗೇ ಬಂದ.

"ನಿನ್ನ ಹೆಂಡ್ತಿ ನಮ್ಮ ಮನ್ಯಾಕಿ ತಲಿ ಕೆಡಿಸಾಕತ್ತಾಳ. ಸ್ವಲ್ಪ ಹೇಳಿ ಇಡು."

ಬಾಗಿಲ ಹಿಂದೆ ರಸೂಲಬಿ ನಿಂತು ಕೇಳುತ್ತಿದ್ದಳು. ಚಮನಸಾಬ ಎಂದೂ ಅವನಿಗೆ ಎದುರು ಮಾತಾಡಿದವನಲ್ಲ.

"ನಾ ಹೇಳಂಗಿಲ್ಲ ಅಣ್ಣಾರ" ಎಂದ ಚಮನಸಾಬ. "ಆಕಿಗೆ ನೀರಿನ ಕೊಡಾ ಎತ್ತಾಕ ಬರತಿರಲಿಲ್ಲ. ಈಗ ಎರಡೆರಡು ತರತಾಳ. ನಾ ಕಣ್ಣಾರೆ ನೋಡೇನಿ. ನಾನೂ ತಡದಿದ್ದೆ, ಅದು ನನ್ನ ತಪ್ಪು. ನೀವು ಅಕ್ಕಾರನ್ನ ತಡೀಬ್ಯಾಡ್ರಿ. ನೀವೂ ಎದ್ದು ಬರ್ರಿ, ಕುಂತು ಕುಂತು ನಿಮ್ಮ ಹೊಟ್ಟೀನೂ ಬಂದೈತಿ."

ಪ್ರಭುಲಿಂಗಪ್ಪ ಹೆಗಲ ಮೇಲಿನ ಟವೆಲು ಕೊಡವಿ ಹೊರಟುಹೋದ. ಅವನು ನಡೆಯಲು ಬರಲಿಲ್ಲ. ಆದರೆ ಫಕ್ಕೀರವ್ವ ಒಂದು ದಿನವೂ ತಪ್ಪಿಸಲಿಲ್ಲ. ಮರುದಿನ ಬೆಳಿಗ್ಗೆ ಚಮನಸಾಬನೂ ಹೊರಟ. ಅರ್ಧ ದಾರಿಗೇ ಏದುಸಿರು ಬಿಡುತ್ತ ನಿಂತ.

"ಬರ್ರಿ, ಇನ್ನೂ ದೂರ ಐತಿ" ಎಂದಳು ರಸೂಲಬಿ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಕುಳಿತು ದುಡಿಯುವ ಮೈಗೂ ನಡಿಗೆ ಬೇಕು. ಬಾಯಿ ಒಣಗುತ್ತಿದ್ದರೆ, ಗಾಯ ಬೇಗ ಮಾಯದಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ಡಾಕ್ಟರರನ್ನು ಕೇಳಿ ನಡಿಗೆ ಶುರು ಮಾಡಿ, ಕೊಟ್ಟ ಗುಳಿಗೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಮೊದಲ ದಿನ ನಾಲ್ಕು ಮನೆ ದಾಟಿದರೂ ಸಾಕು, ಮರುದಿನ ಐದನೆಯದನ್ನು ದಾಟಿ. ನಗುವವರು ನಗಲಿ. ನಿಮ್ಮ ಕಾಯಿಲೆಯನ್ನು ಅವರು ಹೊರುವುದಿಲ್ಲ. ಅವರಿಗಾಗಿ ದಾರಿ ಬದಲಿಸಬೇಡಿ. ನಾಳೆ ಬೆಳಿಗ್ಗೆ ಬಾಗಿಲು ತೆರೆದು, ಊರ ನಡುವಿನ ರಸ್ತೆಯಲ್ಲೇ ತಲೆ ಎತ್ತಿ ನಡೆಯಿರಿ.